ಟ್ರಿಂಕೋಮಲಿ (1817), 1:64 ಮಾದರಿ: ಶ್ರೌಡ್, ಸ್ಟೇ, ಡೆಡ್‌ಐ ಕಟ್ಟುವ ಬಗ್ಗೆ ಸಲಹೆ ಬೇಕು

ಟೀಕುಮರ

ಎಲ್ಲರಿಗೂ ನಮಸ್ಕಾರ. ನನ್ನ ಎಚ್‌ಎಂಎಸ್ ಟ್ರಿಂಕೋಮಲಿ ಮಾದರಿಯ ಒಡಲು ಮುಗಿದಿದೆ. ಫಿರಂಗಿ ಕೂರಿಸಿದ್ದಾಯ್ತು, ಕೆಳಗಿನ ಮೂರು ಹಾಯಿಕಂಬ ನಿಲ್ಲಿಸಿದ್ದಾಯ್ತು. ಇನ್ನು ಹಗ್ಗದ ಕೆಲಸ: ಕಂಬವನ್ನು ಪಕ್ಕಗಳಿಗೆ ಬಿಗಿಯುವ ಶ್ರೌಡ್, ಮುಂದಕ್ಕೆ ಬಿಗಿಯುವ ಸ್ಟೇ, ಶ್ರೌಡ್ ಬಿಗಿಯೋಕೆ ಹಗ್ಗ ಪೋಣಿಸುವ ಮೂರು ತೂತಿನ ಮರದ ಬಿಲ್ಲೆ, ಅಂದರೆ ಡೆಡ್‌ಐ. ಕೈ ಹಾಕೋಕೆ ಸ್ವಲ್ಪ ಹಿಂಜರಿಕೆ.

ಈ ಹಡಗು ಗೊತ್ತಿಲ್ಲದವರಿಗೆ ಎರಡು ಮಾತು. ಇದು ಬ್ರಿಟಿಷ್ ನೌಕಾಪಡೆಯ ಫ್ರಿಗೇಟ್ (ಮಧ್ಯಮ ಗಾತ್ರದ ವೇಗದ ಯುದ್ಧನೌಕೆ), ಆದರೆ ಕಟ್ಟಿದ್ದು ಬಾಂಬೆ ಡಾಕ್‌ಯಾರ್ಡ್‌ನಲ್ಲಿ. ಕಟ್ಟಿದವರು ಅಲ್ಲಿನ ಪಾರ್ಸಿ ಹಡಗು ಮೇಸ್ತ್ರಿ ಜಮ್ಶೆಟ್‌ಜಿ ಬೊಮಾನ್‌ಜಿ ವಾಡಿಯಾ. ಮರ ಮಲಬಾರಿನ ಸಾಗುವಾನಿ. 1816ರಲ್ಲಿ ಅಡಿಮರ ಇಟ್ಟರು, 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದರು. ಪಾರ್ಸಿ ಪದ್ಧತಿಯಂತೆ ಅಡಿಮರಕ್ಕೆ ಒಂದು ಬೆಳ್ಳಿ ಮೊಳೆಯನ್ನೂ ಹೊಡೆದಿದ್ದರಂತೆ. ಅದರ ನಕ್ಷೆಗಳ ಕಥೆ ಇನ್ನೂ ಮಜವಾಗಿದೆ. ಮೊದಲ ಸೆಟ್ ಹೊತ್ತು ಬಾಂಬೆಗೆ ಹೊರಟಿದ್ದ ಎಚ್‌ಎಂಎಸ್ ಜಾವಾ ಹಡಗನ್ನು 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಕರಾವಳಿಯ ಹತ್ತಿರ ಅಮೆರಿಕದ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್ ಸೋಲಿಸಿತು. ನಕ್ಷೆ ಹೋಯ್ತು, ಇಂಗ್ಲೆಂಡಿನಿಂದ ಮತ್ತೆ ಕಳಿಸಬೇಕಾಯ್ತು. ಹಡಗು ಈಗ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿದೆ. ಇನ್ನೂ ನೀರಿನ ಮೇಲೇ ಇದೆ.

ಮೂಲ ಹಡಗಿನ ಫಿರಂಗಿ ಅಟ್ಟ ಸುಮಾರು 150 ಅಡಿ, ನನ್ನ ಮಾದರಿಯಲ್ಲಿ 71 ಸೆಂ.ಮೀ. ಮೂತಿಯ ಕಂಬವೂ ಸೇರಿದರೆ ಒಂದು ಮೀಟರ್ ಹತ್ತಿರ ಬರುತ್ತದೆ.

ನನ್ನ ತೊಂದರೆ ಇದು. ನನ್ನ ಹತ್ತಿರ ಇರುವ ನಕ್ಷೆಯಲ್ಲಿ ಒಡಲಿದೆ, ಅಟ್ಟಗಳಿವೆ, ಹಗ್ಗ ಒಂದೂ ಇಲ್ಲ. ಶ್ರೌಡ್ ಕಪ್ಪೋ ಕಂದೋ? ಎಷ್ಟು ದಪ್ಪ? ಡೆಡ್‌ಐ ಜೋಡಿಯಲ್ಲಿ ಗಂಟು ಯಾವ ತೂತಿನಲ್ಲಿ ಬರಬೇಕು? ಒಬ್ಬೊಬ್ಬರ ಮಾದರಿಯಲ್ಲಿ ಒಂದೊಂದು ಥರ ಇದೆ. ತಿಳಿದವರು ಹೇಳಿ.

ಕಪ್ಪುಡಾಂಬರು

ಬಣ್ಣಕ್ಕೆ ಇಷ್ಟೊಂದು ಯೋಚನೆ ಯಾಕೆ ಗುರೂ? ಹಾರ್ಟ್ಲ್‌ಪೂಲ್ ಫೋಟೋ ತೆಗೆದು ನೋಡಿ. ಕಂಬ ಹಿಡಿಯುವ ನಿಂತ ಹಗ್ಗ ಎಲ್ಲಾ ಕಪ್ಪು. ಅಸಲಿ ಹಡಗೇ ಕಣ್ಣ ಮುಂದಿರುವಾಗ ಬೇರೆ ಸಾಕ್ಷಿ ಯಾಕೆ? ಕಪ್ಪು ಪಾಲಿಯೆಸ್ಟರ್ ದಾರ ತಗೊಳ್ಳಿ, ಮುಗೀತು.

ಲೀಡ್ಸ್‌ಕನ್ನಡಿಗ

ನಾನು ಅಲ್ಲಿಗೆ ಹೋಗಿ ನೋಡಿದ್ದೇನೆ. ಒಡಲಿನ ಸಾಗುವಾನಿ ನಿಜವಾಗಿಯೂ ಹಳೆಯದು, ಮುಟ್ಟಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಮೇಲೆ ಕಾಣುವ ಹಗ್ಗ ಹಳೆಯದಲ್ಲ. ಈ ಹಡಗು 1897ರಲ್ಲಿ ಮಾರಾಟವಾಗಿ, ಫೌಡ್ರಾಯಂಟ್ ಎಂಬ ಹೆಸರಿನಲ್ಲಿ ಎಷ್ಟೋ ವರ್ಷ ಹುಡುಗರ ತರಬೇತಿ ಹಡಗಾಗಿತ್ತು. 1987ರಲ್ಲಿ ಬಾರ್ಜ್ ಮೇಲೆ ಹೊತ್ತು ಹಾರ್ಟ್ಲ್‌ಪೂಲ್‌ಗೆ ತಂದರು. ದುರಸ್ತಿ ಮುಗಿದದ್ದು 2001ರಲ್ಲಿ. ಅಲ್ಲಿರುವ ಹಗ್ಗ ಈ ಕಾಲದವರು ಓದಿ, ಯೋಚಿಸಿ ಕಟ್ಟಿದ್ದು. ಕೆಲಸ ಚೆನ್ನಾಗಿದೆ, ಆದರೆ 1817ಕ್ಕೆ ಅದು ಸಾಕ್ಷಿ ಆಗಲ್ಲ.

ಪೋರ್ಟ್ಸ್‌ಮತ್‌ನ ವಿಕ್ಟರಿ ನೋಡಿದವರಿಗೂ ಇದೇ ಮಾತು. 1805ರ ಟ್ರಫಾಲ್ಗರ್ ಯುದ್ಧದ ಹಡಗು ಅಂತ ನೋಡಿ ಬರುತ್ತೇವೆ. ಆದರೆ ಅದಕ್ಕಿದ್ದ ಕೆಳಗಿನ ಕಂಬಗಳು 19ನೇ ಶತಮಾನದ ಕೊನೆಗೆ ಎಚ್‌ಎಂಎಸ್ ಶಾ ಹಡಗಿನಿಂದ ತಂದು ಹಾಕಿದ್ದ ಕಬ್ಬಿಣದವು.

ಇನ್ನೊಂದು ತಮಾಷೆ. ಇದೇ ಲೀಡಾ ವರ್ಗದ ಇನ್ನೊಂದು ಹಡಗು ಯೂನಿಕಾರ್ನ್, 1824ರದು, ಸ್ಕಾಟ್ಲೆಂಡಿನ ಡಂಡಿಯಲ್ಲಿ ಉಳಿದಿದೆ. ಅದಕ್ಕೆ ಕಟ್ಟಿದ ಕೂಡಲೇ ಮಾಡು ಹೊದಿಸಿ ಕಾದಿರಿಸಿಬಿಟ್ಟರು, ಪೂರ್ತಿ ಕಂಬ ಹಗ್ಗ ಏರಲೇ ಇಲ್ಲ. ಹಗ್ಗದ ಪ್ರಶ್ನೆಗೆ ತಂಗಿ ಹಡಗನ್ನು ಕೇಳೋಣ ಅಂದರೆ ಅವಳು ಬೋಳು!

ಪಡುಗಡಲು

ಮಾರಾಯ್ರೇ, ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಮರ್ಚೆಂಟ್ ನೇವಿಯಲ್ಲಿ ಬೋಸನ್ (ಅಟ್ಟದ ಕೆಲಸಗಾರರ ಮೇಸ್ತ್ರಿ) ಆಗಿದ್ದವ. ಹಾಯಿ ಹಡಗಿನಲ್ಲಿ ಕೆಲಸ ಮಾಡಿದವನಲ್ಲ, ಆದರೆ ಹಗ್ಗ ಮತ್ತು ಟಾರ್ ಕೈಗೆ ಗೊತ್ತು.

ನಿಂತ ಹಗ್ಗ ಅಂದರೆ ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗ. ಅದು ವರ್ಷಗಟ್ಟಲೆ ಅಲ್ಲೇ ಇರಬೇಕು, ಮಳೆ ಬಿಸಿಲು ತಿನ್ನಬೇಕು. ಹಾಗಾಗಿ ಹೆಂಪ್ (ಸೆಣಬಿನಂಥ ನಾರು) ಹಗ್ಗಕ್ಕೆ ಟಾರ್ ಉಣಿಸುತ್ತಿದ್ದರು. ಆಗಿನ ಟಾರ್ ನಮ್ಮ ರಸ್ತೆ ಡಾಂಬರು ಅಲ್ಲ. ಪೈನ್ ಮರದ ಬೇರು, ಬೊಡ್ಡೆ ಸುಟ್ಟು ಇಳಿಸಿದ ಸ್ಟಾಕ್‌ಹೋಮ್ ಟಾರ್. ತೆಳ್ಳಗೆ ಹಚ್ಚಿದರೆ ಜೇನಿನ ಬಣ್ಣ. ಮೇಲೆ ಮೇಲೆ ಹಚ್ಚಿ ಬಿಸಿಲಿಗೆ ಬಿಟ್ಟರೆ ಗಾಢ ಕಂದು, ದೂರದಿಂದ ನೋಡುವವರಿಗೆ ಕಪ್ಪೇ. ದೀಪದ ಕಾಡಿಗೆ, ಕಲ್ಲಿದ್ದಲ ಟಾರ್ ಎಲ್ಲ ಸೇರಿಸಿ ಅಚ್ಚ ಕಪ್ಪು ಮಾಡುವ ರೂಢಿ ಗಟ್ಟಿಯಾದದ್ದು 19ನೇ ಶತಮಾನ ಮುಂದೆ ಹೋದ ಹಾಗೆ.

ನಿಮ್ಮ ಹಡಗು 1817ರಲ್ಲಿ ಹೊಸದು. ನನ್ನನ್ನು ಕೇಳಿದರೆ ತುಂಬ ಗಾಢ ಕಂದು. ಓಡುವ ಹಗ್ಗ, ಅಂದರೆ ಹಾಯಿ ಎಳೆಯುವ ಬಿಡುವ ಹಗ್ಗಕ್ಕೆ ಟಾರ್ ಹೆಚ್ಚು ಇದ್ದರೆ ಬಿರುಸಾಗಿ ರಾಟೆಯಲ್ಲಿ ಓಡುವುದಿಲ್ಲ. ಅದು ಮಾಸಲು ತಿಳಿಕಂದು ಇರಲಿ. ಬೆಳ್ಳಗೆ ಮಾತ್ರ ಬೇಡ. ಬಿಳಿ ದಾರ ಹಾಕಿದ ಹಡಗು ಕಂಡರೆ ನನಗೆ ಮದುವೆ ಮಂಟಪ ನೆನಪಾಗುತ್ತದೆ.

ಕಪ್ಪುಡಾಂಬರು

ದೂರದಿಂದ ಕಪ್ಪೇ ಅಂತ ನೀವೇ ಹೇಳಿದಿರಿ ಅಲ್ವಾ? 1:64 ಮಾದರಿಯನ್ನು ಎರಡು ಅಡಿಯಿಂದ ನೋಡಿದರೆ ನಿಜ ಹಡಗನ್ನು 128 ಅಡಿಯಿಂದ ನೋಡಿದಂತೆ. ಅಂದರೆ ಕಪ್ಪು.

ಪಡುಗಡಲು

ಲೆಕ್ಕ ಸರಿ ಉಂಟು. ಆದರೆ ಬೆಳಕಿಗೆ ಹಿಡಿದರೆ ಒಳಗಿನಿಂದ ಕಂದು ಮಿಂಚಬೇಕು. ಅಚ್ಚ ಕಪ್ಪು ದಾರದಲ್ಲಿ ಎಳೆಯ ತಿರುವೇ ಕಾಣುವುದಿಲ್ಲ. ತಂತಿ ಕಟ್ಟಿದ ಹಾಗೆ ಕಾಣುತ್ತದೆ.

ಸಣ್ಣಗಂಟು

ನಾನು ಕಸೂತಿ, ಕ್ರೋಶಾ ಕಡೆಯಿಂದ ಈ ಹವ್ಯಾಸಕ್ಕೆ ಬಂದವಳು. ಬಣ್ಣದ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಒಂದೇ ಕಂದು ರೀಲು ತಂದು ಎಲ್ಲಾ ಕಡೆ ಹಾಕಬೇಡಿ. ಹಗ್ಗ ಹೊಸೆಯುವಾಗ ಎರಡು ಎಳೆ ಗಾಢ ಕಂದು, ಒಂದು ಎಳೆ ಕಪ್ಪು ಹಾಕಿ ನೋಡಿ. ದೂರಕ್ಕೆ ಕಪ್ಪು, ಹತ್ತಿರಕ್ಕೆ ಕಂದು. ನಿಮ್ಮಿಬ್ಬರ ಜಗಳವೂ ಮುಗಿಯುತ್ತೆ.

ಟೀಕುಮರ

ಮೇಡಂ, ಇದು ಸೂಪರ್ ಐಡಿಯಾ. ಆದರೆ ಹಗ್ಗ ನಾನೇ ಹೊಸೆಯಬೇಕಾ? ಕಿಟ್‌ಗಳಿಗೆ ಬರುವ ರೆಡಿ ದಾರ ಸ್ವಲ್ಪ ಇದೆ, 0.25, 0.5, 1 ಮಿ.ಮೀ. ಸಾಲಲ್ವಾ?

ಲೀಡ್ಸ್‌ಕನ್ನಡಿಗ

ಸಾಲಲ್ಲ. ಮೊದಲು ದಪ್ಪದ ಲೆಕ್ಕ ನೋಡೋಣ. ಇಲ್ಲೇ ಹೆಚ್ಚಿನವರು ಎಡವುವುದು.

ಹಳೆಯ ಪಟ್ಟಿಗಳಲ್ಲಿ ಹಗ್ಗದ ಅಳತೆ ಇಂಚಿನಲ್ಲಿ ಇರುತ್ತದೆ, ಆದರೆ ಅದು ಸುತ್ತಳತೆ. ಅಡ್ಡಳತೆ ಅಲ್ಲ. ಡೇವಿಡ್ ಸ್ಟೀಲ್ 1794ರಲ್ಲಿ ಪ್ರಕಟಿಸಿದ ಪಟ್ಟಿಗಳೂ ಹಾಗೇ. ನೌಕಾಪಡೆಯ ನಕ್ಷೆಯಲ್ಲಿ ಹಗ್ಗ ಬಿಡಿಸದೇ ಇರುವುದಕ್ಕೆ ಕಾರಣವೂ ಇದೇ: ಹಡಗಿನ ದರ್ಜೆ ಗೊತ್ತಾದರೆ ಹಗ್ಗದ ಪಟ್ಟಿ ಬೇರೆ ಇರುತ್ತಿತ್ತು. ಹಾಗಾಗಿ ನಿಮ್ಮ ನಕ್ಷೆಯಲ್ಲಿ ಏನೂ ಕಳೆದುಹೋಗಿಲ್ಲ, ಚಿಂತೆ ಬೇಡ.

ಅಂದಾಜಿಗೆ ಒಂದು ಸೂತ್ರ ಇದೆ. ಮುಖ್ಯ ಸ್ಟೇ ಸುತ್ತಳತೆ ಎಂದರೆ ಕಂಬದ ಅಡ್ಡಳತೆಯ ಅರ್ಧ. ಕೆಳಗಿನ ಶ್ರೌಡ್ ಆ ಸ್ಟೇಯ ಸುಮಾರು 60%. ಡೆಡ್‌ಐ ಜೋಡಿಯ ತೂತುಗಳಲ್ಲಿ ಪೋಣಿಸಿ ಬಿಗಿಯುವ ಲ್ಯಾನ್‌ಯಾರ್ಡ್ ಶ್ರೌಡ್‌ನ ಅರ್ಧ. ನಿಮ್ಮ ನಡುಗಂಬ 28 ಇಂಚು ಎಂದಿಟ್ಟುಕೊಳ್ಳಿ. ಸ್ಟೇ 14 ಇಂಚು ಸುತ್ತಳತೆ. 3.14ರಿಂದ ಭಾಗಿಸಿದರೆ ಅಡ್ಡಳತೆ ಸುಮಾರು 4.5 ಇಂಚು, ಅಂದರೆ 113 ಮಿ.ಮೀ. ಅದನ್ನು 64ರಿಂದ ಭಾಗಿಸಿದರೆ 1.8 ಮಿ.ಮೀ. ಇದೇ ಲೆಕ್ಕದಲ್ಲಿ ಶ್ರೌಡ್ 1.05 ಮಿ.ಮೀ., ಲ್ಯಾನ್‌ಯಾರ್ಡ್ 0.5 ಮಿ.ಮೀ. ಶ್ರೌಡ್‌ಗೆ ಏಣಿ ಮೆಟ್ಟಿಲಿನಂತೆ ಕಟ್ಟುವ ಒಂದೂವರೆ ಇಂಚಿನ ರ‍್ಯಾಟ್‌ಲೈನ್ 0.2 ಮಿ.ಮೀ.

14 ಇಂಚನ್ನು ಅಡ್ಡಳತೆ ಅಂದುಕೊಂಡರೆ ಸ್ಟೇ ಐದೂವರೆ ಮಿ.ಮೀ. ಆಗುತ್ತೆ. ಕಂಬವೇ 11 ಮಿ.ಮೀ. ಇರುವಾಗ! ಇಂಥ ಮಾದರಿಗಳನ್ನು ನಾನು ಪ್ರದರ್ಶನದಲ್ಲಿ ನೋಡಿದ್ದೇನೆ. ಕಂಬಕ್ಕೆ ಹೆಬ್ಬಾವು ಸುತ್ತಿದಂತೆ ಇರುತ್ತವೆ.

ಟೀಕುಮರ

ಅಂದರೆ 1.8 ಮತ್ತು 1.05. ಕಿಟ್ ದಾರ ಒಂದಕ್ಕೂ ಹತ್ತಲ್ಲ. ಸರಿ, ಹೊಸೆಯೋದೇ.

ಪುಂಡಿನಾರು

ರಾಯಚೂರು ಕಡೆಯವ ನಾನು. ಸಮುದ್ರ ಟಿವಿಯಲ್ಲಿ ಮಾತ್ರ ನೋಡೀನಿ ಅಂತ ನಗಬೇಡಿ. ಹಗ್ಗ ಮಾತ್ರ ಚೆನ್ನಾಗಿ ಗೊತ್ತು. ನಮ್ಮಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುವಾಗ ಎಳೆಯನ್ನು ಒಂದು ಕಡೆ ತಿರುವಿ, ಜೋಡಿಸುವಾಗ ಎದುರು ಕಡೆ ಸುತ್ತುತ್ತೇವೆ. ಎರಡೂ ಒಂದಕ್ಕೊಂದು ಬಿಚ್ಚದಂತೆ ಹಿಡಿದುಕೊಳ್ಳುತ್ತವೆ. ಹಡಗಿನ ಹಗ್ಗಕ್ಕೂ ಇದೇ ಅಲ್ವಾ? ಹಂಗಾದರೆ ಮಾದರಿಗೆ ಯಾವ ಕಡೆ ತಿರುವು ಅಂತ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ? ಎರಡೂ ಹಗ್ಗಾನೇ.

ಸಣ್ಣಗಂಟು

ತಲೆ ಕೆಡಿಸಿಕೊಳ್ಳಲೇಬೇಕು ಅಣ್ಣ. ಆ ಕಾಲದ ಮಾಮೂಲಿ ಹಗ್ಗ ಮೂರು ಎಳೆಯ ಬಲತಿರುವು. ಹಗ್ಗವನ್ನು ನೆಟ್ಟಗೆ ಹಿಡಿದರೆ ಎಳೆಗಳು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಓರೆಯಾಗಿ ಏರುತ್ತವೆ. ಶ್ರೌಡ್ ಹೀಗಿರುತ್ತಿತ್ತು. ಅಂಥ ಮೂರು ಹಗ್ಗ ಸೇರಿಸಿ ಎದುರು ಕಡೆ ಹೊಸೆದರೆ ಒಂಬತ್ತು ಎಳೆಯ ದೊಡ್ಡ ಹಗ್ಗ ಆಗುತ್ತೆ, ಅದಕ್ಕೆ ಕೇಬಲ್ ಅಂತಾರೆ, ಅದು ಎಡತಿರುವು. ಲಂಗರು ಹಗ್ಗ ಹೀಗೆ. ದೊಡ್ಡ ಸ್ಟೇ ಕೂಡ ಬಹಳ ಕಾಲ ಹೀಗೇ ಇತ್ತು.

ಮಾದರಿ ಮಾಡುವವರ ಕಷ್ಟ ಏನೆಂದರೆ ಹೊಲಿಗೆ ದಾರವೇ ಬಲತಿರುವಿನದು. ಒಂದೊಂದು ಕೊಕ್ಕೆಗೆ ಒಂದೊಂದೇ ದಾರ ಸಿಕ್ಕಿಸಿ ತಿರುವಿದರೆ, ದಾರ ತನ್ನ ತಿರುವಿನ ಕಡೆಗೇ ಬಿಗಿಯಾಗಿ, ಕೊನೆಗೆ ಹಗ್ಗ ಎಡತಿರುವಾಗಿ ಮುಚ್ಚಿಕೊಳ್ಳುತ್ತೆ. ಬಲವಂತವಾಗಿ ಎದುರು ಕಡೆ ತಿರುವಿದರೆ ದಾರ ಬಿಚ್ಚಿ ಹತ್ತಿಯಂತಾಗುತ್ತೆ. ಇದಕ್ಕೆ ದಾರಿ: ಪ್ರತಿ ಕೊಕ್ಕೆಗೆ ಎರಡು ಮೂರು ದಾರ ಒಟ್ಟಿಗೆ ಸಿಕ್ಕಿಸಿ, ಆಮೇಲೆ ದಾರದ ತಿರುವಿಗೆ ಎದುರು ಕಡೆ ತಿರುಗಿಸಿ. ಎರಡು ಮೂರು ದಾರ ಒಂದರ ಮೇಲೊಂದು ಸುತ್ತಿಕೊಂಡು ಎಡತಿರುವಿನ ಎಳೆ ಆಗುತ್ತೆ. ಅಂಥ ಮೂರು ಎಳೆ ಸೇರಿದಾಗ ಬಲತಿರುವಿನ ಹಗ್ಗ. ಅಸಲಿ ಹಗ್ಗವೂ ಇದೇ ಕ್ರಮದಲ್ಲೇ ಆಗುವುದು: ನೂಲು ಬಲ, ಎಳೆ ಎಡ, ಹಗ್ಗ ಬಲ.

ನನ್ನ ಯಂತ್ರ ಅಂದರೆ ಒಂದು ಹಲಗೆ, ಮೂರು ಕೊಕ್ಕೆ, ಹಳೆ ಮಿಕ್ಸರ್ ಗೇರು, ಆ ಕಡೆ ಒಂದು ಜಾರುವ ಪುಟ್ಟ ಗಾಡಿ. ಎಳೆಗಳ ನಡುವೆ ಮೂರು ಗೀರು ಇರುವ ಮರದ ಶಂಕು. ಅದು ಮುಂದೆ ಸರಿದಷ್ಟು ಹಿಂದೆ ಹಗ್ಗ ಕಟ್ಟಿಕೊಳ್ಳುತ್ತೆ. ಗಾಡಿಯ ಮೇಲಿನ ತೂಕ ಜಾಸ್ತಿ ಆದರೆ ಹಗ್ಗ ಸಡಿಲ, ಕಡಿಮೆ ಆದರೆ ಗಂಟು ಗಂಟು. ಉದ್ದ ಗಣನೀಯವಾಗಿ ಕುಗ್ಗುತ್ತೆ, ಧಾರಾಳವಾಗಿ ದಾರ ಬಿಟ್ಟುಕೊಳ್ಳಿ.

ಪುಂಡಿನಾರು

ತಿಳೀತು ತಂಗಿ. ದಾರಕ್ಕೇ ಒಂದು ಹಠ ಇರ್ತದೆ ಅನ್ನಿ. ಮೂರು ಕೊಕ್ಕೆ ಹಲಗೆ ನಮ್ಮೂರ ಹಗ್ಗದ ರಾಟೆಯ ಮರಿ ಇದ್ದಂಗೆ ಐತಿ.

ಹೊಸಬ

ಯಾವ ದಾರ ಅಂತ ಯಾರೂ ಹೇಳಲಿಲ್ಲ. ಕಾಟನ್, ಲಿನನ್, ಪಾಲಿಯೆಸ್ಟರ್? ಜೇನುಮೇಣ ಹಚ್ಚಬೇಕಾ?

ಪಡುಗಡಲು

ಮಂಗಳೂರಿನವ ಆಗಿ ಹೇಳುತ್ತೇನೆ, ಪಾಲಿಯೆಸ್ಟರ್. ಲಿನನ್ ಚಂದ, ಹಳೆ ಮ್ಯೂಸಿಯಂ ಮಾದರಿಗಳಲ್ಲಿ ಅದೇ ಇರುವುದು. ಆದರೆ ನಮ್ಮ ಜೂನ್‌ನಲ್ಲಿ ಲಿನನ್ ಕಾಟನ್ ಎರಡೂ ತೇವ ಕುಡಿದು ಉಬ್ಬುತ್ತವೆ. ನಾರು ಉಬ್ಬಿದರೆ ತಿರುವಿದ ಹಗ್ಗ ಗಿಡ್ಡ ಆಗುತ್ತದೆ. ಮಳೆಗಾಲದಲ್ಲಿ ಸ್ಟೇ ಬಿಗಿದು ತುದಿಯ ಸಣ್ಣ ಕಂಬ ಬಾಗುವುದು, ಫೆಬ್ರವರಿಯಲ್ಲಿ ಅದೇ ಹಗ್ಗ ಜೋತು ಬೀಳುವುದು. ನಿಜ ಹಡಗಿನವರಿಗೂ ಇದೇ ಗೋಳು ಇತ್ತು. ಅವರು ಲ್ಯಾನ್‌ಯಾರ್ಡ್ ಸಡಿಲಿಸಿ ಮತ್ತೆ ಬಿಗಿದು ಸರಿ ಮಾಡಿಕೊಳ್ಳುತ್ತಿದ್ದರು. ನಾವು ಅಂಟು ಹಾಕಿ ಕೂರಿಸಿದ್ದೇವಲ್ಲ, ಸಡಿಲಿಸುವುದು ಎಲ್ಲಿಂದ?

ಕಾಟನ್‌ಗೆ ಇನ್ನೊಂದು ಕಾಟ, ಜುಂಗು. ಎರಡು ವರ್ಷಕ್ಕೆ ಧೂಳು ಹಿಡಿದು ಹಡಗಿಗೆ ಗಡ್ಡ ಬರುತ್ತದೆ.

ಮೇಣ ಸ್ವಲ್ಪ ಸಾಕು. ಜುಂಗು ಕೂರುತ್ತದೆ, ಗಂಟು ಹಿಡಿಯುತ್ತದೆ. ಜಾಸ್ತಿ ಹಚ್ಚಿದರೆ ಧೂಳು ಅಂಟುತ್ತದೆ, ಆಮೇಲೆ ಫೆವಿಕಾಲ್‌ನಂಥ ನೀರಿನ ಅಂಟು ಕಚ್ಚುವುದಿಲ್ಲ. ಸೂಪರ್ ಗ್ಲೂ ಎಲ್ಲೆಂದರಲ್ಲಿ ಹಾಕಬೇಡಿ. ದಾರ ಕಡ್ಡಿಯಾಗುತ್ತದೆ, ಬಿದ್ದ ಜಾಗ ಹೊಳೆಯುತ್ತದೆ.

ಟೀಕುಮರ

ಈಗ ಡೆಡ್‌ಐಗೆ ಬರೋಣ. ನಾನೇ ಮಾಡಿಕೊಂಡಿದ್ದೇನೆ, 5 ಮಿ.ಮೀ., ಹಾಲೆ ಮರದಲ್ಲಿ. ಚನ್ನಪಟ್ಟಣದ ಗೊಂಬೆಗೆ ಬಳಸುವ ಮರವೇ. ಎಳೆ ಎಷ್ಟು ನಯ ಅಂದರೆ ಅರ್ಧ ಮಿ.ಮೀ. ತೂತು ಹೊಡೆದರೂ ಸೀಳಲ್ಲ. ಬಿಳಿ ಇರುವುದರಿಂದ ಬಣ್ಣ ಕೊಡಬೇಕು ಅಷ್ಟೆ.

ಹೊಸಬ

ಅಸಲಿ ಹಡಗು ಸಾಗುವಾನಿ ಅಲ್ವಾ ಸರ್? ಡೆಡ್‌ಐ ಬಿಡಿ, ಮಾದರಿಯ ಒಡಲನ್ನಾದರೂ ಸಾಗುವಾನಿಯಲ್ಲೇ ಮಾಡಬಹುದಿತ್ತಲ್ಲ?

ಟೀಕುಮರ

ಎಲ್ಲರೂ ಕೇಳುವ ಪ್ರಶ್ನೆ. ಸಾಗುವಾನಿಯ ರಂಧ್ರಗಳು ದೊಡ್ಡವು. 1:64ರಲ್ಲಿ ಅವು ಕೈಬೆರಳು ಹೋಗುವಷ್ಟು ಬಿರುಕಿನಂತೆ ಕಾಣುತ್ತವೆ. ಬಣ್ಣ ಸಾಗುವಾನಿಯದು ಇದ್ದರೆ ಸಾಕು, ಮರ ನಯ ಇರಬೇಕು.

ಲೀಡ್ಸ್‌ಕನ್ನಡಿಗ

ಡೆಡ್‌ಐ ಗಂಟು ಯಾವ ತೂತು ಎಂಬುದಕ್ಕೆ ಉತ್ತರ ಹಗ್ಗದ ತಿರುವಿನಲ್ಲೇ ಇದೆ, ಮೇಡಂ ಬರೆದದ್ದರ ಮುಂದುವರಿಕೆ.

ಶ್ರೌಡ್ ಕೆಳಗೆ ಬಂದು ಮೇಲಿನ ಡೆಡ್‌ಐ ಸುತ್ತ ತಿರುಗಿ, ತನ್ನ ಮೈಗೇ ಮತ್ತೆ ಕಟ್ಟಿಕೊಳ್ಳುತ್ತದೆ. ಬಲತಿರುವಿನ ಹಗ್ಗವನ್ನು ಅದರ ತಿರುವು ಬಿಚ್ಚದ ದಿಕ್ಕಿಗೇ ಸುತ್ತುತ್ತಿದ್ದರು. ಹಡಗಿನ ಒಳಗೆ ನಿಂತು ಹೊರಗೆ ನೋಡಿದರೆ ಆ ಸುತ್ತು ಗಡಿಯಾರದ ಮುಳ್ಳಿನ ದಿಕ್ಕು. ಆದ್ದರಿಂದ ಶ್ರೌಡ್‌ನ ತುದಿ ನಿಮ್ಮ ಎಡಕ್ಕೆ ಬರುತ್ತದೆ. ಲ್ಯಾನ್‌ಯಾರ್ಡ್‌ನ ಗಂಟು ಆ ತುದಿಯ ಕೆಳಗಿನ ತೂತಿನಲ್ಲಿ, ಒಳಮುಖಕ್ಕೆ.

ಹಡಗಿನ ಎರಡೂ ಪಕ್ಕದ ಹಗ್ಗ ಒಂದೇ ತಿರುವಿನದಲ್ವಾ? ಹಾಗಾಗಿ ಎರಡು ಪಕ್ಕವೂ ಕನ್ನಡಿಯ ಬಿಂಬದಂತೆ ಬರಲ್ಲ. ಬಲಪಕ್ಕದಲ್ಲಿ ಗಂಟು ಮೂತಿಯ ಕಡೆಗೆ, ಎಡಪಕ್ಕದಲ್ಲಿ ಹಿಂಬದಿಯ ಕಡೆಗೆ. ಚೆಂದ ಕಾಣಲಿ ಅಂತ ಎರಡೂ ಪಕ್ಕ ಒಂದೇ ಥರ ಮಾಡಿದ ಮಾದರಿಗಳೇ ಜಾಸ್ತಿ. ನೀವು ನೋಡಿದ ಗೊಂದಲ ಅಲ್ಲಿಂದ ಬಂದಿರಬಹುದು.

ಕಪ್ಪುಡಾಂಬರು

ಇದನ್ನು ಭೂತಗನ್ನಡಿ ಹಿಡಿದು ಯಾರು ನೋಡ್ತಾರೆ ಸ್ವಾಮಿ?

ಲೀಡ್ಸ್‌ಕನ್ನಡಿಗ

ನಾನು ನೋಡುತ್ತೇನೆ. 🙂

ಪಡುಗಡಲು

ಕಟ್ಟುವ ಕ್ರಮ ಹೇಳಿಬಿಡುತ್ತೇನೆ, ಆಮೇಲೆ ಬಿಚ್ಚಿ ಕಟ್ಟುವುದು ಬೇಡ. ಕಂಬದ ತಲೆಗೆ ಎಲ್ಲಕ್ಕಿಂತ ಮೊದಲು ಟ್ಯಾಕಲ್‌ಗಳ ಪೆಂಡೆಂಟ್, ಅಂದರೆ ಭಾರ ಎಳೆಯುವ ರಾಟೆ ತೂಗುಹಾಕುವ ತುಂಡು ಹಗ್ಗ ಬರುತ್ತದೆ. ನಂತರ ಶ್ರೌಡ್. ಶ್ರೌಡ್ ಒಂಟಿ ಹಗ್ಗ ಅಲ್ಲ. ಉದ್ದ ಹಗ್ಗವನ್ನು ನಡುವೆ ಮಡಿಸಿ, ಕಂಬದ ತಲೆಗೆ ಕುಣಿಕೆ ಹಾಕಿ, ಎರಡೂ ತುದಿ ಒಂದೇ ಪಕ್ಕಕ್ಕೆ ಇಳಿಸುತ್ತಾರೆ. ಮೊದಲು ಬಲಪಕ್ಕದ ಮುಂದಿನ ಜೋಡಿ, ಅದರ ಮೇಲೆ ಎಡಪಕ್ಕದ ಮುಂದಿನ ಜೋಡಿ, ಮತ್ತೆ ಬಲಪಕ್ಕದ ಎರಡನೇ ಜೋಡಿ, ಹೀಗೆ ಹಿಂದಕ್ಕೆ. ಲೆಕ್ಕ ಬೆಸ ಬಂದರೆ ಕೊನೆಯದು ಒಂಟಿ. ಎಲ್ಲ ಶ್ರೌಡ್ ಕೂತ ಮೇಲೆ, ಅದರ ಮೇಲೆ ಸ್ಟೇಯ ಕುಣಿಕೆ.

ಮುಂದಿನ ಶ್ರೌಡ್‌ಗೆ ಮೇಲಿಂದ ಕೆಳಗಿನವರೆಗೂ ಸಣ್ಣ ಹುರಿ ಒತ್ತಾಗಿ ಸುತ್ತಬೇಕು. ಹಾಯಿ ಬಂದು ಉಜ್ಜುವುದು ಅದಕ್ಕೇ. ಉಳಿದವಕ್ಕೆ ಕಂಬದ ತಲೆಯ ಹತ್ತಿರ ಸುತ್ತಿದರೆ ಸಾಕು.

ಮೇಲಿನ ಡೆಡ್‌ಐಗಳ ಸಾಲು ಒಂದೇ ಗೆರೆಯಲ್ಲಿ ನಿಲ್ಲಬೇಕು. ತಂತಿಯನ್ನು ಎರಡೂ ತುದಿಗೆ ಬಾಗಿಸಿ, ಒಂದು ತುದಿ ಕೆಳಗಿನ ಡೆಡ್‌ಐ ತೂತಿಗೆ, ಇನ್ನೊಂದು ಮೇಲಿನದಕ್ಕೆ ಸಿಕ್ಕಿಸಿ. ದೂರ ಹಿಡಿದು ನಿಲ್ಲಿಸುತ್ತದೆ. ಆಮೇಲೆ ಶ್ರೌಡ್ ಸುತ್ತಿ ಕಟ್ಟಿ. ಕಣ್ಣಳತೆಗೆ ಹೋದರೆ ಹಲ್ಲು ಉದುರಿದ ಬಾಯಿಯ ಹಾಗೆ ಬರುತ್ತದೆ, ನೋಡಿ.

ಲ್ಯಾನ್‌ಯಾರ್ಡ್ ಕೂಡ ನಿಂತ ಹಗ್ಗವೇ, ಅದಕ್ಕೂ ಗಾಢ ಬಣ್ಣ. ತುಂಬ ಮಂದಿ ಬಿಳಿಚು ದಾರ ಹಾಕುತ್ತಾರೆ, ಎದ್ದು ಕಾಣಲಿ ಅಂತ.

ಹೊಸಬ

ಸ್ಟೇ ಮೇಲೆ ನಡುವೆ ಒಂದು ಉಬ್ಬು ಇರುತ್ತಲ್ಲ, ಬದನೆಕಾಯಿ ಥರ. ಅದೇನು?

ಪಡುಗಡಲು

ಅದಕ್ಕೆ ಮೌಸ್ ಅಂತಾರೆ. ಸ್ಟೇಯ ತುದಿಯಲ್ಲಿ ಒಂದು ಕಣ್ಣಿರುತ್ತದೆ. ಸ್ಟೇ ಕಂಬದ ತಲೆ ಸುತ್ತಿ ಬಂದು ಅದೇ ಕಣ್ಣಿನೊಳಗೆ ನುಗ್ಗುತ್ತದೆ. ತಡೆ ಇಲ್ಲದಿದ್ದರೆ ಜೀರುಗುಣಿಕೆ ಆಗಿ ಕಂಬದ ಕತ್ತು ಹಿಸುಕುತ್ತದೆ. ಆ ಉಬ್ಬು ಬಂದು ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ, ಕುಣಿಕೆ ಅಲ್ಲಿಗೇ ನಿಲ್ಲುತ್ತದೆ.

ಮಾದರಿಗೆ ಸಣ್ಣ ಮರದ ಮಣಿಯನ್ನು ಉಜ್ಜಿ, ಕಣ್ಣಿನ ಕಡೆಗೆ ದಪ್ಪ, ಆ ಕಡೆಗೆ ಮೊನಚು ಮಾಡಿ. ಮೇಲೆ ದಾರ ಹೆಣೆಯಿರಿ. ಹೆಣಿಗೆ ಬಾರದಿದ್ದರೆ ಸುಮ್ನೆ ಒತ್ತಾಗಿ ಸುತ್ತಿದರೂ 1:64ಕ್ಕೆ ನಡೆಯುತ್ತದೆ. ಕುಣಿಕೆ ಶ್ರೌಡ್‌ಗಳನ್ನೆಲ್ಲ ಒಳಗೊಂಡು, ಕಂಬದ ಮುಂದೆ ಅಗಲವಾಗಿ ಬರುವಷ್ಟು ಜಾಗ ಬಿಡಿ.

ಯುದ್ಧನೌಕೆ ಆದ್ದರಿಂದ ಮುಖ್ಯ ಸ್ಟೇ ಜೊತೆಗೆ ಸ್ವಲ್ಪ ಸಣ್ಣದಾದ ಇನ್ನೊಂದು ಸ್ಟೇ ಇರುತ್ತದೆ. ಎರಡರ ನಡುವೆ ಅಂಕುಡೊಂಕಾಗಿ ಸಣ್ಣ ಹಗ್ಗ ಕಟ್ಟುತ್ತಿದ್ದರು. ಗುಂಡು ಬಿದ್ದು ಒಂದು ಕಡಿದರೂ ಇನ್ನೊಂದು ಅದನ್ನು ಹಿಡಿದುಕೊಳ್ಳಬೇಕು, ಅಟ್ಟದ ಮೇಲೆ ಬೀಳಬಾರದು.

ನಮ್ಮ ಕಡೆಯ ಹಳೆ ಪತ್ತೆಮಾರಿ, ಮಚವೆ ಹಾಯಿದೋಣಿಗಳಿಗೆ ಇಂಥದ್ದು ಒಂದೂ ಇರಲಿಲ್ಲ. ಓರೆಯಾದ ಉದ್ದದ ಮರ, ಕಂಬಕ್ಕೊಂದು ದೊಡ್ಡ ಹಾಯಿ, ಕಂಬ ಹಿಡಿಯಲು ರಾಟೆ ಹಾಕಿದ ಕೆಲವು ಹಗ್ಗ. ಗಾಳಿ ಯಾವ ಕಡೆಯೋ ಆ ಕಡೆಗೆ ಅದನ್ನೇ ಸರಿಸಿ ಬಿಗಿಯುತ್ತಿದ್ದರು. ಮಾದರಿ ಮಾಡಲಿಕ್ಕೆ ಅದು ಸುಖ. ಯಾರಾದರೂ ಮಾಡಿ ಮಾರಾಯ್ರೇ.

ಸಣ್ಣಗಂಟು

ರ‍್ಯಾಟ್‌ಲೈನ್ ಬಗ್ಗೆ ನಾನು ಹೇಳುತ್ತೇನೆ, ನನ್ನ ಇಷ್ಟದ ಕೆಲಸ. ಎಲ್ಲರೂ ಬೇಜಾರು ಅಂತಾರೆ. ನನಗೆ ರೇಡಿಯೋ ಹಾಕಿಕೊಂಡು ಕೂತರೆ ಜಪ ಮಾಡಿದ ಹಾಗೆ.

ನಾವಿಕರು ಕಂಬ ಹತ್ತುವ ಏಣಿ ಇದು. ಮೆಟ್ಟಿಲಿನ ಅಂತರ 13ರಿಂದ 15 ಇಂಚು, ಅಂದರೆ ನಿಮ್ಮ ಅಳತೆಗೆ 5ರಿಂದ 6 ಮಿ.ಮೀ. ಬಿಳಿ ಹಾಳೆಯ ಮೇಲೆ ಐದೂವರೆ ಮಿ.ಮೀ.ಗೆ ಗೆರೆ ಎಳೆದು ಶ್ರೌಡ್ ಹಿಂದೆ ಸಿಕ್ಕಿಸಿ. ಗೆರೆ ನೀರಿನ ಮಟ್ಟಕ್ಕೆ ಸಮ ಇರಲಿ, ಹಡಗಿನ ಅಂಚಿಗಲ್ಲ. ಅಂಚು ಬಾಗಿರುತ್ತೆ.

ನಡುವಿನ ಶ್ರೌಡ್‌ಗಳಿಗೆ ಕ್ಲೋವ್ ಹಿಚ್. ದಾರವನ್ನು ಒಂದು ಸುತ್ತು ಹಾಕಿ, ಅದರ ಮೇಲೆ ಅಡ್ಡಲಾಗಿ ದಾಟಿಸಿ ಇನ್ನೊಂದು ಸುತ್ತು, ತುದಿಯನ್ನು ಆ ಅಡ್ಡದ ಕೆಳಗೆ ತೂರಿಸಿ. ಎರಡು ಕೊನೆಯ ಶ್ರೌಡ್‌ಗಳಲ್ಲಿ ಅಸಲಿಗೆ ಸಣ್ಣ ಕಣ್ಣು ಮಾಡಿ ಹುರಿಯಲ್ಲಿ ಕಟ್ಟುತ್ತಿದ್ದರು. 0.2 ಮಿ.ಮೀ. ದಾರದಲ್ಲಿ ಕಣ್ಣು ಮಾಡೋಕೆ ಹೋದರೆ ನಮ್ಮ ಕಣ್ಣು ಹೋಗುತ್ತೆ. ಅಲ್ಲೂ ಅದೇ ಗಂಟು ಹಾಕಿ, ಒಂದು ಚೂರು ತೆಳು ಫೆವಿಕಾಲ್ ಮುಟ್ಟಿಸಿ.

ಮುಖ್ಯವಾದದ್ದು ಬಿಗಿ. ಒಂದೊಂದು ಮೆಟ್ಟಿಲನ್ನೂ ಸ್ವಲ್ಪ ಸ್ವಲ್ಪ ಜಾಸ್ತಿ ಎಳೆದರೆ ಶ್ರೌಡ್‌ಗಳು ನಡುವೆ ಒಳಕ್ಕೆ ಸೇರಿಕೊಂಡು ಸೊಂಟ ಬಂದುಬಿಡುತ್ತೆ. ಕೆಳಗಿನಿಂದ ಮೇಲಕ್ಕೆ ಸಾಲಾಗಿ ಹೋಗಬೇಡಿ. ಮೊದಲು ಏಳೆಂಟು ಮೆಟ್ಟಿಲಿಗೊಂದರಂತೆ ಕಟ್ಟಿ, ನೇರ ಇದೆಯಾ ನೋಡಿ, ಆಮೇಲೆ ನಡುವಿನವು. ಹೊರ ಶ್ರೌಡ್‌ಗಳಿಗೆ ತೆಳ್ಳನೆ ಬಿದಿರು ಕಡ್ಡಿ ತಾತ್ಕಾಲಿಕವಾಗಿ ಕಟ್ಟಿಕೊಂಡರೆ ಇನ್ನೂ ಒಳ್ಳೇದು. ಮೆಟ್ಟಿಲು ತುಸು ಜೋತು ಇರಲಿ, ಮನುಷ್ಯರ ಕಾಲು ತುಳಿದ ಹಗ್ಗ ಅದು.

ಹೊಸಬ

ಸೂಜಿಯಲ್ಲಿ ಶ್ರೌಡ್ ಚುಚ್ಚಿ ದಾರ ಆ ಕಡೆಗೆ ಎಳೆದುಬಿಟ್ಟರೆ ಬೇಗ ಆಗಲ್ವಾ?

ಸಣ್ಣಗಂಟು

ಆಗುತ್ತೆ. ಚಿಕ್ಕ ಮಾದರಿಗೆ ನಡೆಯುತ್ತೆ ಕೂಡ. 1:64ರಲ್ಲಿ ಗಂಟಿಲ್ಲದ ಜಾಗ ಕಣ್ಣಿಗೆ ಹೊಡೆಯುತ್ತೆ. ನನಗಂತೂ ಇಷ್ಟ ಆಗಲ್ಲ.

ಕಪ್ಪುಡಾಂಬರು

ಒಂದು ಕೊನೆ ಪ್ರಶ್ನೆ. ಈ ಹಡಗನ್ನು 1817ಕ್ಕೇ ಯಾಕೆ ಕಟ್ಟಬೇಕು? ಬಾಂಬೆಯಿಂದ 1819ರಲ್ಲಿ ಪೋರ್ಟ್ಸ್‌ಮತ್ ತಲುಪಿದ ಮೇಲೆ 1845ರವರೆಗೆ ಸುಮ್ನೆ ಮಲಗಿತ್ತು. ನಿಜವಾದ ಕೆಲಸ ಮಾಡಿದ್ದು ಆಮೇಲೆ, 26 ಫಿರಂಗಿಯ ಕಾರ್ವೆಟ್ (ಫ್ರಿಗೇಟ್‌ಗಿಂತ ಸಣ್ಣ ದರ್ಜೆಯ ಯುದ್ಧನೌಕೆ) ಆಗಿ. 1850ರ ದಶಕದಲ್ಲಿ ಪೆಸಿಫಿಕ್‌ನಲ್ಲಿ ಇತ್ತು. ಆ ಕಾಲಕ್ಕೆ ಕಟ್ಟಿದರೆ ನನ್ನ ಕಪ್ಪು ಹಗ್ಗ ಸರಿ ತಾನೇ?

ಲೀಡ್ಸ್‌ಕನ್ನಡಿಗ

ಆಗ ನಿಮ್ಮ ಮಾತಿಗೆ ಬಲ ಬರುತ್ತೆ, ಒಪ್ಪುತ್ತೇನೆ. ಆದರೆ ಆಗ ಹಿಂಬದಿಯ ಆಕಾರವೇ ಬೇರೆ, ಗುಂಡಗೆ ಮಾಡಿಬಿಟ್ಟಿದ್ದರು. ಫಿರಂಗಿ ಕಿಂಡಿಗಳೂ ಬೇರೆ. ಟೀಕುಮರ ಅವರು ಚಪ್ಪಟೆ ಹಿಂಬದಿ ಕಟ್ಟಿ ಮುಗಿಸಿದ್ದಾರೆ. ಹಗ್ಗಕ್ಕೋಸ್ಕರ ಒಡಲು ಒಡೆಯೋಕೆ ಆಗಲ್ಲ.

ಟೀಕುಮರ

ಒಡೆಯಲ್ಲ! 1817ಕ್ಕೇ ಕಟ್ಟುತ್ತೇನೆ. ಎರಡು ಕಂದು, ಒಂದು ಕಪ್ಪು ಎಳೆಯ ಹಗ್ಗ ಹೊಸೆದೆ, ಬೆಳಕಿಗೆ ಹಿಡಿದರೆ ಪಡುಗಡಲು ಸರ್ ಹೇಳಿದ ಹಾಗೇ ಕಾಣುತ್ತಿದೆ. ಸ್ಟೇಗೆ ಮಾತ್ರ ಒಂದೊಂದು ಕೊಕ್ಕೆಗೆ ಒಂದೇ ದಪ್ಪ ದಾರ ಹಾಕಿ ಎಡತಿರುವು ಮಾಡಿಕೊಂಡೆ. ಪಕ್ಕಪಕ್ಕದಲ್ಲಿ ಇಟ್ಟರೆ ಎರಡಕ್ಕೂ ಇರುವ ವ್ಯತ್ಯಾಸ ಬರಿಗಣ್ಣಿಗೇ ಗೊತ್ತಾಗುತ್ತೆ.

ಇನ್ನೊಂದು ಕೇಳಿಬಿಡುತ್ತೇನೆ. ಓಡುವ ಹಗ್ಗಗಳ ತುದಿಯನ್ನು ಪಿನ್‌ಗೆ (ಹಗ್ಗ ಕಟ್ಟುವ ಗೂಟಕ್ಕೆ) ಕಟ್ಟಿದ ಮೇಲೆ ಉಳಿದ ಹಗ್ಗದ ಸುರುಳಿ ತೂಗುಹಾಕಬೇಕಲ್ಲ. ಅದು ಯಾವ ಕಡೆ ಸುತ್ತು?

ಪಡುಗಡಲು

ಬಲತಿರುವಿನ ಹಗ್ಗ ಅಲ್ವಾ, ಗಡಿಯಾರದ ದಿಕ್ಕಿಗೆ. ಎದುರು ಕಡೆ ಸುತ್ತಿದರೆ ಗಂಟು ಬೀಳುತ್ತದೆ. ಸುರುಳಿಯನ್ನು ಪಿನ್ ಮೇಲೆ ಸುತ್ತಲು ಹೋಗಬೇಡಿ. ಹಲಗೆಗೆ ಎರಡು ಮೊಳೆ ಹೊಡೆದು, ಅದರ ಮೇಲೆ ಬೇರೆ ತುಂಡು ದಾರ ಸುತ್ತಿ, ನೀರು ಬೆರೆಸಿದ ಫೆವಿಕಾಲ್ ಹಚ್ಚಿ. ಅರ್ಧ ಒಣಗಿದಾಗ ತೆಗೆದು ಪಿನ್‌ಗೆ ಸಿಕ್ಕಿಸಿ, ಕೆಳತುದಿಯನ್ನು ಚಿಮಟದಿಂದ ಕೆಳಕ್ಕೆ ಎಳೆಯಿರಿ. ನಿಜ ಹಗ್ಗ ಭಾರಕ್ಕೆ ಜೋತು ಬಿದ್ದು ಉದ್ದಕ್ಕೆ ತೂಗುತ್ತದೆ, ದುಂಡಗೆ ಬಳೆಯ ಹಾಗೆ ನಿಲ್ಲುವುದಿಲ್ಲ. ಎಲ್ಲಾ ಸುರುಳಿ ಒಂದೇ ಉದ್ದ ಬೇಡ. ಮೇಲಿನ ಹಾಯಿಯ ಹಗ್ಗಕ್ಕೆ ಉದ್ದ ಜಾಸ್ತಿ, ಅದರ ಸುರುಳಿಯೂ ದಪ್ಪ.